ಸಿವೈಪಿ3ಎ4 ಪಾಲಿಕ್ಲೋನಲ್ ಆಂಟಿಬಾಡಿ: ಬ್ಲಾಟ್‌ಗೆ ಸೈ, ಲೇಬಲ್ ಪೂರ್ತಿ ನಂಬುವಂತಿಲ್ಲ

ಅನೇಕ ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವ ಮಾನವ ಸಿವೈಪಿ3ಎ4 (ಮುಂದೆ ಬರೀ 3ಎ4). ಅದರ ಪತ್ತೆಗೆಂದು ಮೊಲದಲ್ಲಿ ತಯಾರಿಸಿದ ಪಾಲಿಕ್ಲೋನಲ್ ಆಂಟಿಬಾಡಿ, ಅಂದರೆ ಗುರಿ ಪ್ರೋಟೀನಿನ ಬೇರೆ ಬೇರೆ ಭಾಗಗಳಿಗೆ ಅಂಟುವ ಪ್ರತಿಕಾಯಗಳ ಮಿಶ್ರಣ ಇದು. ಬೇರೆ ಬೇರೆ ಲಾಟ್‌ಗಳನ್ನು (ತಯಾರಿಕೆಯ ಕಂತುಗಳನ್ನು) ದೀರ್ಘಕಾಲ ಬಳಸಿದ ಮೇಲೆ ಬರೆದ ವಿಮರ್ಶೆ. ವೆಸ್ಟರ್ನ್ ಬ್ಲಾಟ್‌ಗೆ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದಂತೆ ಬೇರ್ಪಡಿಸಿ, ಮೆಂಬ್ರೇನ್‌ಗೆ ವರ್ಗಾಯಿಸಿ, ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಐದರಲ್ಲಿ ನಾಲ್ಕು ಅಂಕ, ಅಂಗಾಂಶದ ಸ್ಲೈಡ್‌ಗಳಿಗೆ ಮೂರು. ಬ್ಲಾಟ್‌ನಲ್ಲಿ ಒಂದು ಅಂಕ ಹೋಗಿದ್ದು ಸಂವೇದನೆ ಸಾಲದೆ ಅಲ್ಲ. ಸೀಸೆಯ ಮೇಲೆ 3ಎ4 ಎಂದಿದೆ, ಆದರೆ ಇದು ಹಿಡಿಯುವುದು 3ಎ ಉಪಕುಟುಂಬವನ್ನು.

3ಎ4 ಮತ್ತು 3ಎ5ರ ಅಮೈನೋ ಆಮ್ಲಗಳ ಸರಣಿ ಶೇ 80ಕ್ಕಿಂತ ಹೆಚ್ಚು ಒಂದೇ. ಎರಡರ ತೂಕವೂ ಸುಮಾರು 57 ಕಿಲೋಡಾಲ್ಟನ್, ಹಾಗಾಗಿ ಸಾಮಾನ್ಯ ಜೆಲ್‌ನಲ್ಲಿ ಒಂದರ ಮೇಲೊಂದು ಕೂರುತ್ತವೆ. ಯಕೃತ್ತಿನ ದಾನಿಯಲ್ಲಿ 3ಎ5*1 ಅಲೀಲ್ (3ಎ5 ಕಿಣ್ವ ತಯಾರಾಗುವ ಜೀನ್ ರೂಪ) ಇದ್ದರೆ ನೀವು ನೋಡುವ ಬ್ಯಾಂಡ್ ಎರಡರ ಮೊತ್ತ; ಜೀನಿನ ಎರಡೂ ಪ್ರತಿ *3 ರೂಪದ್ದಾಗಿದ್ದರೆ 3ಎ5ರ ಪಾಲು ನಗಣ್ಯ. ಭ್ರೂಣದ ಯಕೃತ್ತಿನಲ್ಲಾದರೆ 3ಎ7ರದೇ ಮೇಲುಗೈ. ಪ್ರತಿ ಹೊಸ ಸೀಸೆಗೂ ರೀಕಾಂಬಿನಂಟ್ 3ಎ4, 3ಎ5, 3ಎ7 ಮೂರನ್ನೂ ತಲಾ 0.2 ಪಿಕೋಮೋಲ್‌ನಂತೆ ಅಕ್ಕಪಕ್ಕದ ಲೇನ್‌ಗಳಲ್ಲಿ ಓಡಿಸಿದರೆ ಅಡ್ಡಪ್ರತಿಕ್ರಿಯೆ ಎಷ್ಟೆಂದು ಒಂದೇ ಜೆಲ್‌ನಲ್ಲಿ ತಿಳಿಯುತ್ತದೆ. ಡೇಟಾಶೀಟ್‌ನಲ್ಲಿರುವ ‘ಇಲಿಗೂ ಆಗುತ್ತದೆ’ ಎಂಬ ಮಾತನ್ನೂ ಹೀಗೇ ಓದಬೇಕು. ಇಲಿಯಲ್ಲಿ 3ಎ4 ಎಂಬುದೇ ಇಲ್ಲ. ಅಲ್ಲಿ ಕಾಣುವುದು 3ಎ1, 3ಎ2ರಂಥ ಸಂಬಂಧಿ ಕಿಣ್ವಗಳು.

ಮಾದರಿ ತಯಾರಿಯಲ್ಲೇ ಅರ್ಧ ಫಲಿತಾಂಶ ನಿರ್ಧಾರವಾಗುತ್ತದೆ. ಈ ಕಿಣ್ವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಗೆ ಅಂಟಿಕೊಂಡಿರುವುದರಿಂದ ಇಡೀ ಲೈಸೇಟ್‌ಗಿಂತ (ಒಡೆದ ಕೋಶಗಳ ಒಟ್ಟು ದ್ರವಕ್ಕಿಂತ) ಮೈಕ್ರೋಸೋಮ್ (ಆ ಪೊರೆಯ ತುಣುಕುಗಳು) ಮೇಲು. ಹೋಮೋಜಿನೇಟನ್ನು 4 ಡಿಗ್ರಿಯಲ್ಲಿ 9,000 ಜಿ, 20 ನಿಮಿಷ ತಿರುಗಿಸಿ, ಮೇಲಿನ ದ್ರವವನ್ನು 1,00,000 ಜಿ, 60 ನಿಮಿಷ ತಿರುಗಿಸಿ. ತಳದಲ್ಲಿ ಕೂತದ್ದನ್ನು ಶೇ 20 ಗ್ಲಿಸರಾಲ್ ಇರುವ ಬಫರ್‌ನಲ್ಲಿ ಕದಡಿ ಮೈನಸ್ 80ರಲ್ಲಿಡಿ. ಪ್ರೋಟಿಯೇಸ್ ತಡೆಕಾರಕ ಬಿಟ್ಟರೆ 57ರ ಕೆಳಗೆ ಮುರಿದ ತುಣುಕುಗಳು ಕಾಣಿಸಿಕೊಳ್ಳುತ್ತವೆ, ಬೈಗುಳ ಮಾತ್ರ ಆಂಟಿಬಾಡಿಗೆ. ಮಾನವ ಯಕೃತ್ತಿನ ಮೈಕ್ರೋಸೋಮ್ ಲೇನ್‌ಗೆ 5ರಿಂದ 10 ಮೈಕ್ರೋಗ್ರಾಂ ಸಾಕು, ಲೈಸೇಟ್ ಆದರೆ 30–40 ಬೇಕು. ಹೆಪ್‌ಜಿ2 ಎಂಬ ಯಕೃತ್ತಿನ ಕ್ಯಾನ್ಸರ್ ಕೋಶಗಳ ಲೇನ್ ಖಾಲಿ ಬಂತೆಂದು ದೂರು ಬರೆಯುವ ಮುನ್ನ ನೆನಪಿರಲಿ: ಆ ಕೋಶಗಳಲ್ಲಿ 3ಎ4 ಇರುವುದೇ ಬಹಳ ಕಡಿಮೆ. ಪಾಸಿಟಿವ್ ಕಂಟ್ರೋಲ್‌ಗೆ 10 ಮೈಕ್ರೋಮೋಲಾರ್ ರಿಫಾಂಪಿಸಿನ್‌ನಲ್ಲಿ 48–72 ಗಂಟೆ ಇಟ್ಟ ಪ್ರಾಥಮಿಕ ಹೆಪಟೋಸೈಟ್‌ಗಳು ಒಳ್ಳೆಯವು. ಪಿಎಕ್ಸ್‌ಆರ್ ಗ್ರಾಹಕದ ಮೂಲಕ 3ಎ4 ಪ್ರಮಾಣ ಚೆನ್ನಾಗಿ ಏರುತ್ತದೆ.

ಆಂಟಿಬಾಡಿಯನ್ನು ತೆಳುಗೊಳಿಸಲು ಡೇಟಾಶೀಟ್ ಹೇಳುವ 1:500 ಯಕೃತ್ತಿಗೆ ಅತಿಯಾಯಿತು. ಬ್ಯಾಂಡ್‌ನ ನಡುಭಾಗ ಬೆಳ್ಳಗಾಗಿ ಅಂಚು ಮಾತ್ರ ಉಳಿದರೆ, ಎಚ್‌ಆರ್‌ಪಿ (ಸೆಕೆಂಡರಿ ಆಂಟಿಬಾಡಿಗೆ ಜೋಡಿಸಿದ, ಸಂಕೇತ ಕೊಡುವ ಕಿಣ್ವ) ಅತಿಯಾಗಿ ಅಲ್ಲಿನ ಸಬ್‌ಸ್ಟ್ರೇಟ್ ಮುಗಿದುಹೋಗಿದೆ ಎಂದರ್ಥ. ಶೇ 10ರ ಜೆಲ್, 0.45 ಮೈಕ್ರಾನ್ ಪಿವಿಡಿಎಫ್, ಶೇ 5 ಕೆನೆರಹಿತ ಹಾಲಿನಪುಡಿಯಲ್ಲಿ ಒಂದು ಗಂಟೆ ಬ್ಲಾಕಿಂಗ್, 1:2000ದಲ್ಲಿ ರಾತ್ರಿಯಿಡೀ 4 ಡಿಗ್ರಿ, ಸೆಕೆಂಡರಿ 1:10,000. ಹಿನ್ನೆಲೆ ಸ್ವಚ್ಛವಾಗಿ ಬರುವುದು ಇಲ್ಲಿ. ಎಚ್‌ಆರ್‌ಪಿ ಇರುವ ಸೆಕೆಂಡರಿಗೆ ಸೋಡಿಯಂ ಅಜೈಡ್ ಸೇರಿಸಬೇಡಿ, ಅದು ಕಿಣ್ವವನ್ನೇ ಕೂರಿಸಿಬಿಡುತ್ತದೆ.

ಲೇನ್‌ಗಳಿಗೆ ಸಮನಾಗಿ ಪ್ರೋಟೀನ್ ಬಿದ್ದಿದೆಯೇ ಎಂದು ತೋರಿಸುವ ಲೋಡಿಂಗ್ ಕಂಟ್ರೋಲ್‌ನಲ್ಲಿ ಎಡವುವವರು ಬಹಳ. ಜಿಎಪಿಡಿಎಚ್ ಪ್ರೋಟೀನ್ ಮುಖ್ಯವಾಗಿ ಸೈಟೋಸಾಲ್‌ನದು (ಕೋಶದೊಳಗಿನ ದ್ರವದ್ದು), ಮೈಕ್ರೋಸೋಮ್‌ಗೆ ಅಳತೆಗೋಲಾಗದು. ಪಿಡಿಐ ಎಂಬ ಪ್ರೋಟೀನ್ ಸರಿಯಾದ ಜಾಗದ್ದೇ, ಅಂದರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನದೇ, ಆದರೆ ಅದೂ 57ರ ಆಸುಪಾಸಿನಲ್ಲೇ ಬರುತ್ತದೆ. ಟ್ಯೂಬ್ಯುಲಿನ್ ಕೂಡ ಹತ್ತಿರವೇ. 90ರ ಬಳಿ ಕಾಣುವ ಕ್ಯಾಲ್ನೆಕ್ಸಿನ್ ಆರಿಸಿದರೆ ಮೆಂಬ್ರೇನನ್ನು ಅಡ್ಡಕ್ಕೆ ಕತ್ತರಿಸಿ ಎರಡನ್ನೂ ಒಟ್ಟಿಗೇ ನೋಡಬಹುದು. ಇದೇ ಆಂಟಿಬಾಡಿಯಿಂದ ಇಮ್ಯುನೋಪ್ರೆಸಿಪಿಟೇಷನ್ (ಆಂಟಿಬಾಡಿಯಿಂದ ಪ್ರೋಟೀನನ್ನು ಹಿಡಿದೆಳೆಯುವುದು) ಮಾಡಿ ಮತ್ತೆ ಇದರಿಂದಲೇ ಬ್ಲಾಟ್ ಮಾಡಿದರೆ ಐಜಿಜಿಯ (ಆ ಆಂಟಿಬಾಡಿಯದೇ) ಭಾರ ಸರಪಳಿ 50ರ ಸುತ್ತ ದಪ್ಪಗೆ ಬಂದು ನಿಜವಾದ ಬ್ಯಾಂಡನ್ನು ಮುಚ್ಚುತ್ತದೆ. ಆ ಕೆಲಸಕ್ಕೆ ಬೇರೆ ಪ್ರಾಣಿಯಲ್ಲಿ ತಯಾರಾದ ಇನ್ನೊಂದು 3ಎ4 ಆಂಟಿಬಾಡಿ ಬೇಕು.

ಲಾಟ್ ಬದಲಾದಾಗ ತೀವ್ರತೆಯೂ ಬದಲಾಗುತ್ತದೆ, ಪಾಲಿಕ್ಲೋನಲ್‌ನ ಹಣೆಬರಹ. ಹಲವು ದಾನಿಗಳ ಮೈಕ್ರೋಸೋಮ್ ಬೆರೆಸಿ ಸಣ್ಣ ಭಾಗಗಳಾಗಿ ಮೈನಸ್ 80ರಲ್ಲಿಟ್ಟುಕೊಳ್ಳಿ. ಹಳೆ ಲಾಟ್ ಮುಗಿಯುವ ಮೊದಲೇ 1, 2.5, 5, 10, 20 ಮೈಕ್ರೋಗ್ರಾಂಗಳ ಸರಣಿಯನ್ನು ಎರಡು ಮೆಂಬ್ರೇನ್‌ಗಳಲ್ಲಿ ಹಾಕಿ, ಹಳೆಯದೊಂದಕ್ಕೆ, ಹೊಸದೊಂದಕ್ಕೆ, ಎಕ್ಸ್‌ಪೋಷರ್ ಒಂದೇ ಇರಲಿ. 10ರ ನಂತರ ಬ್ಯಾಂಡ್ ತೀವ್ರತೆಯ ಗೆರೆ ಮಟ್ಟಸವಾದರೆ ಆ ಲಾಟ್‌ನಲ್ಲಿ 10ಕ್ಕಿಂತ ಹೆಚ್ಚು ಹಾಕಿ ಅಳೆದದ್ದಕ್ಕೆ ಬೆಲೆಯಿಲ್ಲ. ಬೇರೆ ಲಾಟ್‌ಗಳ ಜೆಲ್‌ಗಳಿಂದ ಬಂದ ಸಂಖ್ಯೆಗಳನ್ನು ಒಂದೇ ಗ್ರಾಫ್‌ನಲ್ಲಿ ಸೇರಿಸುವುದಂತೂ ಬೇಡ. ಶೇ 50 ಗ್ಲಿಸರಾಲ್ ಇರುವ ಸೀಸೆ ಮೈನಸ್ 20ರಲ್ಲಿ ಗಟ್ಟಿಯಾಗದು, ಅದನ್ನು ಹಂಚಿಡುವ ಅಗತ್ಯವಿಲ್ಲ. ಬರೀ ಬಫರ್‌ನಲ್ಲಿ ಬಂದದ್ದನ್ನು 10 ಮೈಕ್ರೋಲೀಟರ್‌ನಂತೆ ಹಂಚಿಡಿ.

ಸ್ಲೈಡ್‌ಗಳಲ್ಲಿ ಪಿಎಚ್ 6.0ರ ಸಿಟ್ರೇಟ್‌ನಲ್ಲಿ 95 ಡಿಗ್ರಿಗೆ 20 ನಿಮಿಷ ಕಾಯಿಸಿ, ಶೇ 3 ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 10 ನಿಮಿಷ ಇಡಬೇಕು. ಯಕೃತ್ತಿನಲ್ಲಿ ಸ್ವಂತ ಬಯೋಟಿನ್ ಧಾರಾಳವಾಗಿರುವುದರಿಂದ ಅವಿಡಿನ್-ಬಯೋಟಿನ್ ಕಿಟ್ ಬದಲು ಪಾಲಿಮರ್ ಕಿಟ್ ಬಳಸಿ. ಕೇಂದ್ರ ಅಭಿಧಮನಿಯ ಸುತ್ತ ಗಾಢ ಕಂದು, ಪೋರ್ಟಲ್ ಕಡೆಗೆ ತೆಳು: ಸರಿಯಾದ ಚಿತ್ರ ಇದು. ಎಲ್ಲೆಡೆ ಒಂದೇ ಬಣ್ಣ ಬಂದರೆ ಆಂಟಿಬಾಡಿಯನ್ನು ಇನ್ನಷ್ಟು ತೆಳುಗೊಳಿಸಿ, ಅಷ್ಟೇ ಸಾಂದ್ರತೆಯ ಸಾಮಾನ್ಯ ಮೊಲದ ಐಜಿಜಿ ಜತೆ ಹೋಲಿಸಿ. ಕೆಲವು ಲಾಟ್‌ಗಳು ಇದರಲ್ಲಿ ನಪಾಸು.

ಇನ್ನು, ಬ್ಯಾಂಡ್ ದಪ್ಪವಾಯಿತೆಂದರೆ ಕಿಣ್ವದ ಚಟುವಟಿಕೆ ಏರಿತು ಎಂದಲ್ಲ. ಟ್ರೋಲಿಯಾಂಡೋಮೈಸಿನ್ ಎಂಬ ಪ್ರತಿಜೈವಿಕ ಕೊಟ್ಟಾಗ ಕಿಣ್ವ ನಿಷ್ಕ್ರಿಯವಾಗಿಯೂ ಪ್ರೋಟೀನ್ ಹಾಗೇ ಉಳಿಯುತ್ತದೆ, ಹೆಚ್ಚುವುದೂ ಉಂಟು. ಚಟುವಟಿಕೆಗೆ ಮಿಡಜೋಲಾಮ್‌ನ 1'-ಹೈಡ್ರಾಕ್ಸಿಲೇಷನ್ ಅಥವಾ ಟೆಸ್ಟೋಸ್ಟೆರಾನ್‌ನ 6ಬೀಟಾ-ಹೈಡ್ರಾಕ್ಸಿಲೇಷನ್ ಅಳೆಯಿರಿ. ಇಂಡಕ್ಷನ್ (ಔಷಧದಿಂದ ಕಿಣ್ವದ ಪ್ರಮಾಣ ಏರುವುದು) ಆಗಿದೆಯೇ ಇಲ್ಲವೇ ನೋಡಲು ಈ ಸೀಸೆ ಧಾರಾಳವಾಗಿ ಸಾಕು. 3ಎ4 ಒಂದನ್ನೇ 3ಎ5ರಿಂದ ಬೇರ್ಪಡಿಸಿ ಅಳೆಯಬೇಕಾದವರು 3ಎ5ರ ಎದುರು ಪರೀಕ್ಷಿಸಿದ ಮೋನೋಕ್ಲೋನಲ್ (ಒಂದೇ ಬಗೆಯ ಆಂಟಿಬಾಡಿ) ಕೊಳ್ಳಲಿ, ಇಲ್ಲವೇ ವಿಶಿಷ್ಟ ಪೆಪ್ಟೈಡ್‌ಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆಯಲಿ.