ಜಯನಗರದ ಡಯಾಲಿಸಿಸ್ ಸೆಂಟರ್: ಸಿಸ್ಟರ್‌ಗಳಿಗೆ ಫುಲ್ ಮಾರ್ಕ್ಸ್

ನಮ್ಮ ಮಾವನವರಿಗೆ ವಾರಕ್ಕೆ 3 ಸಲ ಇಲ್ಲೇ ಡಯಾಲಿಸಿಸ್. ಇವರು ಹೃದಯದ ಕಡೆಗೂ ಗಮನ ಕೊಡುತ್ತಾರೆ, ಡಯಾಲಿಸಿಸ್‌ನವರಿಗೆ ದೊಡ್ಡ ಅಪಾಯ ಅದರಿಂದಲೇ ಅಲ್ವಾ. ಬಂದ ತಕ್ಷಣ ತೂಕ, ಬಿಪಿ. ಆಮೇಲೆ ಸಿಸ್ಟರ್ ಕಾಲನ್ನು ಹೆಬ್ಬೆರಳಿಂದ ಒತ್ತಿ ಗುಳಿ ಬೀಳುತ್ತಾ ಅಂತ ನೋಡುತ್ತಾರೆ. ಗುಳಿ ಬಿದ್ದು ಮೈಯಲ್ಲಿ ನೀರು ಜಾಸ್ತಿ ಸೇರಿದ್ದರೆ ಗಡಿಬಿಡಿಯಲ್ಲಿ ತೆಗೆಯಲ್ಲ, ಬೇಗ ತೆಗೆದರೆ ಬಿಪಿ ಬಿದ್ದು ಹೃದಯಕ್ಕೇ ಪೆಟ್ಟು ಅಂತ ಇನ್ನೂ ಸ್ವಲ್ಪ ಹೊತ್ತು ಮಲಗಿಸುತ್ತಾರೆ. ಶನಿವಾರ ಆದಮೇಲೆ ಮತ್ತೆ ಮಂಗಳವಾರವೇ, ಆ ಗ್ಯಾಪಿನಲ್ಲಿ ನೀರು, ಪೊಟ್ಯಾಶಿಯಂ ಎರಡೂ ಏರುತ್ತವೆ, ಅದಕ್ಕೇ ಎಳನೀರು ಮುಟ್ಟಬೇಡಿ ಅಂತ ಬೈದೇ ಕಳಿಸುತ್ತಾರೆ. ಫಾಸ್ಫರಸ್ ತಡೆಯೋ ಮಾತ್ರೆ ಊಟದ ಜೊತೆಗೇ ತಗೊಳ್ಳಬೇಕಂತೆ, ಇಲ್ಲದಿದ್ದರೆ ಊಟದಲ್ಲಿರೋ ಫಾಸ್ಫರಸ್ ರಕ್ತದಲ್ಲಿ ಏರಿ ನಾಳಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ಎಸಿ ಮಾತ್ರ ವಿಪರೀತ ಚಳಿ, ಕಂಬಳಿ ನೀವೇ ತನ್ನಿ. ಪಾರ್ಕಿಂಗ್ ಬಗ್ಗೆ ಕೇಳಲೇಬೇಡಿ, ಆಟೋ ಹಿಡಿಯಿರಿ.