ಎರೆಮಣ್ಣಿನ ಕೆಸರಿಗೆ ಹೊತ್ತಿದ ಬ್ರೇಕ್ ದೀಪ: ಗೋಕುಲ ರಸ್ತೆಯ ಗ್ಯಾರೇಜಿನ ಕೆಲಸ ಹೇಗಿತ್ತು

ಬ್ರೇಕ್‌ನ ಎಚ್ಚರಿಕೆ ದೀಪ ಹೊತ್ತಿದರೆ ಹುಬ್ಬಳ್ಳಿಯಲ್ಲಿ ಯಾರ ಬಳಿ ಹೋಗಬೇಕು ಎಂದು ಕೇಳುವವರಿಗೆ ನಾನು ಈಗ ಒಂದೇ ಉತ್ತರ ಕೊಡುತ್ತೇನೆ: ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಳಗಿರುವ ಈ ಸಣ್ಣ ಗ್ಯಾರೇಜು. ಬ್ರೇಕ್ ಮತ್ತು ವೈರಿಂಗ್ ಬಿಟ್ಟರೆ ಬೇರೆ ಕೆಲಸ ಇಲ್ಲಿ ಮಾಡುವುದಿಲ್ಲ. ನಾನು ಪಶುವೈದ್ಯೆ. ಮಾತು ಬಾರದ ದನದ ಮುಂದೆ ನಿಂತು ರೋಗ ಯಾವುದೆಂದು ಕಂಡುಹಿಡಿಯಲು ಎಷ್ಟು ತಾಳ್ಮೆ ಬೇಕೆಂದು ಬಲ್ಲೆ. ಆ ತಾಳ್ಮೆ ಇಲ್ಲಿನ ಮೆಕ್ಯಾನಿಕ್‌ಗೆ ಇದೆ.

ನವಲಗುಂದ ಕಡೆಯ ಹೊಲದ ದಾರಿಗಳನ್ನು ಬಲ್ಲವರಿಗೆ ಎರೆಮಣ್ಣಿನ ಗುಣ ವಿವರಿಸಬೇಕಿಲ್ಲ. ಒಳ್ಳೆಯ ಮಳೆಯೊಂದು ಬಿದ್ದರೆ ಸಾಕು, ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡ್‌ವರೆಗೂ ತುಂಬಿಕೊಳ್ಳುತ್ತದೆ. ಒಣಗಿದ ಮೇಲೆ ಕೆತ್ತಿ ತೆಗೆಯಬೇಕು. ಬೆಣ್ಣೆಹಳ್ಳದ ಆಚೆಯ ಊರಿನಲ್ಲಿ ಕರು ಹಾಕಲು ತಿಣುಕುತ್ತಿದ್ದ ಎಮ್ಮೆಯನ್ನು ನೋಡಿ ಮರಳುತ್ತಿದ್ದೆ. ಡಾಂಬರು ರಸ್ತೆ ಸೇರಿದ ಸ್ವಲ್ಪ ಹೊತ್ತಿಗೆ ಎಬಿಎಸ್‌ನ, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿಗಳು ಸ್ಥಗಿತಗೊಳ್ಳದಂತೆ ತಡೆಯುವ ವ್ಯವಸ್ಥೆಯ, ಹಳದಿ ದೀಪ ಹೊತ್ತಿತು. ಅದರ ಬೆನ್ನಿಗೇ ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಕೆಂಪು ದೀಪವೂ ಹೊತ್ತಿತು. ಗಾಡಿ ನಿಲ್ಲಿಸಿ ನೋಡಿದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿತ್ತು. ಬ್ರೇಕ್ ಆಯಿಲ್ ಡಬ್ಬಿಯ ಹೊರಗಿನ ಧೂಳು ಒರೆಸಿದಾಗ ಮಟ್ಟ ಎರಡು ಗೆರೆಗಳ ನಡುವೆ ಸರಿಯಾಗಿಯೇ ಕಂಡಿತು. ಪೆಡಲ್ ಗಟ್ಟಿಯಾಗಿತ್ತು, ಒತ್ತಿ ಹಿಡಿದರೂ ಕುಸಿಯಲಿಲ್ಲ. ಕುಸಿದಿದ್ದರೆ ಅಲ್ಲಿಂದ ಗಾಡಿಯನ್ನು ಎಳೆಸಿಕೊಂಡೇ ಬರುತ್ತಿದ್ದೆ.

ಮೊದಲು ಹೋದದ್ದು ನಗರದ ಒಂದು ದೊಡ್ಡ ಸರ್ವಿಸ್ ಸೆಂಟರ್‌ಗೆ. ಅಲ್ಲಿ ಸ್ಕ್ಯಾನರ್ ಜೋಡಿಸಿ, ಪರದೆಯ ಮೇಲೆ ಬಂದ ಎರಡು ದೋಷದ ಕೋಡ್‌ಗಳನ್ನು ಓದಿ, ಗಾಲಿಯ ವೇಗ ಅಳೆಯುವ ಎರಡು ಸೆನ್ಸರ್ ಹೋಗಿವೆ ಎಂದರು. 9,800 ರೂಪಾಯಿಯ ಅಂದಾಜು ಪಟ್ಟಿ ಕೈಗಿತ್ತರು. ಒಂದು ಗಾಲಿಯನ್ನೂ ಬಿಚ್ಚಿರಲಿಲ್ಲ. ಮುಟ್ಟಿ ನೋಡದೆ ಔಷಧಿ ಬರೆಯುವುದನ್ನು ನನ್ನ ವೃತ್ತಿಯಲ್ಲಿ ನಾನು ಒಪ್ಪುವುದಿಲ್ಲ. ಪಟ್ಟಿ ಮಡಚಿಟ್ಟುಕೊಂಡು ಹೊರಟೆ.

ಈ ಗ್ಯಾರೇಜಿನವರು ಸ್ಕ್ಯಾನರ್ ತೆಗೆಯುವ ಮೊದಲು ಪ್ರಶ್ನೆ ಕೇಳಿದರು. ಯಾವ ದೀಪ ಮೊದಲು ಹೊತ್ತಿತು? ನಿಧಾನಕ್ಕೆ ನಿಲ್ಲಿಸುವಾಗ ಪೆಡಲ್ ಕೆಳಗೆ ನಡುಕ ಬಂದಿತ್ತೇ? ಎರಡು ದೀಪ ಒಟ್ಟಿಗೆ ಉಳಿದಿವೆ ಎಂದಾಗಲೇ ಅವರು ಒಂದಕ್ಕಿಂತ ಹೆಚ್ಚು ಗಾಲಿಯಲ್ಲಿ ತೊಂದರೆ ಇರಬಹುದು ಎಂದರು. ಹೆಚ್ಚಿನ ಕಾರುಗಳಲ್ಲಿ ಒಂದು ಗಾಲಿಯ ಸೆನ್ಸರ್ ಕೈಕೊಟ್ಟರೆ ಎಬಿಎಸ್ ಮಾತ್ರ ನಿಲ್ಲುತ್ತದೆ, ಹಳದಿ ದೀಪವಷ್ಟೇ ಹೊತ್ತುತ್ತದೆ. ಎರಡು ಕೈಕೊಟ್ಟರೆ ಮುಂದಿನ ಮತ್ತು ಹಿಂದಿನ ಗಾಲಿಗಳ ಬ್ರೇಕ್ ಬಲವನ್ನು ಸರಿದೂಗಿಸುವ ಇಬಿಡಿಯೂ ನಿಲ್ಲುವುದರಿಂದ ಕೆಂಪು ದೀಪವೂ ಸೇರಿಕೊಳ್ಳುತ್ತದೆ. ಆಗಲೂ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ಒತ್ತಿದರೆ ಹಿಂದಿನ ಗಾಲಿಗಳು ಮೊದಲೇ ಸ್ಥಗಿತಗೊಂಡು ಗಾಡಿ ಅಡ್ಡ ತಿರುಗುವ ಅಪಾಯವಿದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿರುವಾಗ ಇದು ಪ್ರತಿ ಚಾಲಕರಿಗೂ ಗೊತ್ತಿರಬೇಕಾದ ಸಂಗತಿ.

ಅವರ ಸ್ಕ್ಯಾನರ್‌ನಲ್ಲೂ ಬಂದದ್ದು ಅವೇ ಕೋಡ್‌ಗಳು: ಸಿ0040, ಸಿ0050. ಬಲಗಡೆಯ ಮುಂದಿನ ಗಾಲಿ, ಬಲಗಡೆಯ ಹಿಂದಿನ ಗಾಲಿ. ಆದರೆ ಕೋಡ್ ಯಾವ ಗಾಲಿಯ ಸರ್ಕ್ಯೂಟ್ ಎಂದಷ್ಟೇ ಹೇಳುತ್ತದೆ, ಸೆನ್ಸರ್ ಸತ್ತಿದೆ ಎಂದು ಹೇಳುವುದಿಲ್ಲ. ಅದಕ್ಕಾಗಿ ಅವರು ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಓಡಿಸಿದರು. ಪರದೆಯಲ್ಲಿ ಎಡಗಡೆಯ ಎರಡು ಗಾಲಿಗಳು 20 ಕಿಲೋಮೀಟರ್ ವೇಗ ತೋರಿಸುತ್ತಿದ್ದವು. ಬಲ ಮುಂದಿನದು 20ರಿಂದ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿತ್ತು. ಬಲ ಹಿಂದಿನದು ಸೊನ್ನೆಯಿಂದ ಅಲುಗಲೇ ಇಲ್ಲ. ಎರಡರ ವರ್ತನೆ ಬೇರೆ, ಆದ್ದರಿಂದ ಕಾರಣವೂ ಬೇರೆ ಇರಬೇಕು ಎಂದು ಅವರು ತರ್ಕಿಸಿದ್ದು ನನಗೆ ಬಹಳ ಹಿಡಿಸಿತು.

ಮುಂದಿನ ಗಾಲಿ ಬಿಚ್ಚಿದಾಗ ಸೆನ್ಸರ್ ವೇಗ ಅಳೆಯಲು ಗಮನಿಸುವ, ಆಕ್ಸಲ್ ಮೇಲಿನ ಹಲ್ಲಿನ ಉಂಗುರದಲ್ಲಿ ಒಂದು ಹಲ್ಲೂ ಕಾಣುತ್ತಿರಲಿಲ್ಲ. ಬ್ರೇಕ್ ಪ್ಯಾಡ್‌ನಿಂದ ಉದುರಿದ ಕಬ್ಬಿಣದ ಪುಡಿ ಮತ್ತು ಕಪ್ಪು ಮಣ್ಣು ಸೇರಿ ಹೆಪ್ಪುಗಟ್ಟಿತ್ತು. ಹಲ್ಲಿಗೂ ಸೆನ್ಸರ್‌ನ ತುದಿಗೂ ನಡುವೆ ಇರಬೇಕಾದ ಅಂತರ ಹೆಚ್ಚೂ ಕಡಿಮೆ ಒಂದು ಮಿಲಿಮೀಟರ್, ಅದೂ ತುಂಬಿಹೋಗಿತ್ತು. ಮಣ್ಣನ್ನು ನೀರಿನಿಂದ ನೆನೆಸಿ ಪ್ಲಾಸ್ಟಿಕ್ ಬ್ರಷ್‌ನಿಂದ ತೆಗೆದರು. ಜೋರು ಒತ್ತಡದ ನೀರು ಬೇರಿಂಗ್‌ನ ಸೀಲ್ ದಾಟಿ ಒಳಗೆ ಹೋಗುತ್ತದೆಂದು ಪ್ರೆಶರ್ ವಾಶ್ ಹಿಡಿಯಲಿಲ್ಲ. ಹಿಂದಿನ ಗಾಲಿಯ ಬಳಿ ಸಿಕ್ಕಿದ್ದು ಬೇರೆಯೇ ಕಥೆ. ಮಣ್ಣಿನ ಭಾರಕ್ಕೆ ವೈರ್ ತನ್ನ ಕ್ಲಿಪ್‌ನಿಂದ ಕಳಚಿ ಜೋತುಬಿದ್ದು, ಕನೆಕ್ಟರ್ ಅರ್ಧ ಹೊರಬಂದಿತ್ತು. ಒಳಗೆ ಕೆಸರು ನೀರು, ಪಿನ್‌ಗಳ ಮೇಲೆ ಹಸಿರು ಕಿಲುಬು. ಸ್ವಚ್ಛಗೊಳಿಸಿ, ಪಿನ್ ಬಿಗಿ ಮಾಡಿ, ಹೊಸ ಕ್ಲಿಪ್ ಹಾಕಿದರು. ಎರಡೂ ಸೆನ್ಸರ್‌ಗಳು ಹಳೆಯವೇ, ಇಂದಿಗೂ ಕೆಲಸ ಮಾಡುತ್ತಿವೆ.

ಹಿಂದಿನ ಡ್ರಮ್‌ಗಳನ್ನೂ ಬಿಚ್ಚಿ ಕೆಸರು ತೆಗೆದರು. ಬ್ರೇಕ್ ಆಯಿಲ್‌ನಲ್ಲಿ ನೀರಿನಂಶ ಹೆಚ್ಚಿದೆ ಎಂದು ಅಳೆದು ತೋರಿಸಿದರು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಹೀರಿಕೊಂಡಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಬದಲಿಸಲು ಅವರು ಅವಸರ ಮಾಡಲಿಲ್ಲ, ನಾನೇ ಆಗಲೇ ಬದಲಿಸಿ ಎಂದೆ. ಆಯಿಲ್ ಸೇರಿ ಒಟ್ಟು 2,150 ರೂಪಾಯಿ ಆಯಿತು. ಅದರಲ್ಲಿ 500 ತಪಾಸಣೆಗೆ ಎಂದು ಪ್ರತ್ಯೇಕವಾಗಿ ಬರೆದಿದ್ದರು. ಆ 500 ರೂಪಾಯಿಯನ್ನು ನಾನು ಮನಸಾರೆ ಕೊಟ್ಟೆ. ಹುಡುಕುವ ಶ್ರಮಕ್ಕೆ ಬೆಲೆ ಕೇಳದ ಕಡೆ ಆ ದುಡ್ಡು ಬೇಡದ ಬಿಡಿಭಾಗದ ರೂಪದಲ್ಲಿ ನಮ್ಮ ತಲೆಯ ಮೇಲೆ ಬರುತ್ತದೆ.

ಕೊರತೆಗಳೂ ಇವೆ. ಕೂರಲು ನೆರಳಿನ ಜಾಗವಿಲ್ಲ, ಮಹಿಳೆಯರಿಗೆ ಶೌಚಾಲಯವಿಲ್ಲ. ಕೈಯಲ್ಲಿ ಕೆಲಸವಿದ್ದರೆ ಫೋನ್ ಎತ್ತುವುದಿಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಹತ್ತರೊಳಗೆ ಗಾಡಿ ಬಿಟ್ಟರೆ ಮಾತ್ರ ಅದೇ ಸಂಜೆ ಸಿಗುತ್ತದೆ. ಭಾನುವಾರ ರಜೆ.