ಕಲ್ಲಾದ ಬ್ರೇಕ್ ಪೆಡಲ್: ಕಾಲು ಹೇಳಿದ್ದು, ಇಕ್ಕಳ ಹೇಳಿದ್ದು, ಗೇಜ್ ಹೇಳಿದ್ದು

ಚಾರ್ಮಾಡಿ ಘಾಟಿ ಇಳಿಯುವಾಗ ನಮ್ಮ ಇಪ್ಪತ್ತೆರಡು ವರ್ಷದ ಪೆಟ್ರೋಲ್ ಕಾರಿನ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಮೈಭಾರವೆಲ್ಲ ಹಾಕಿ ತುಳಿದರೆ ಮಾತ್ರ ಗಾಡಿ ನಿಧಾನವಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಎರಡನೇ ಗೇರಿನಲ್ಲೇ ತೆವಳಿಕೊಂಡು ಹೇಗೋ ಉಜಿರೆ ಮುಟ್ಟಿದೆ.

ಬೆಂಗಳೂರಿಗೆ ಬಂದ ಮೇಲೆ ಗ್ಯಾರೇಜಿನವರು ಒಮ್ಮೆ ಪೆಡಲ್ ತುಳಿದು ನೋಡಿ, "ಬೂಸ್ಟರ್ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ" ಅಂದರು. ಬೂಸ್ಟರ್ ಎಂದರೆ ವ್ಯಾಕ್ಯೂಮ್, ಅಂದರೆ ಗಾಳಿಯ ಎಳೆತ, ಬಳಸಿ ನಮ್ಮ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ. ಅಷ್ಟು ದುಡ್ಡು ಸುರಿಯುವ ಮೊದಲು ನಾನೇ ಪರೀಕ್ಷಿಸಬೇಕೆನಿಸಿತು. ಮೂರು ದಾರಿ ಹಿಡಿದೆ.

ಮೊದಲನೆಯದು ಬರೀ ಕಾಲಿನ ಪರೀಕ್ಷೆ. ಎಂಜಿನ್ ಆಫ್ ಮಾಡಿ ಐದಾರು ಸಲ ಪೆಡಲ್ ತುಳಿದರೆ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿಯಾಗುತ್ತದೆ. ತುಳಿದುಕೊಂಡೇ ಸ್ಟಾರ್ಟ್ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ನಮ್ಮದು ಇಳಿದೂ ಇಳಿಯದಂತಿತ್ತು. ಆಮೇಲೆ ಎಂಜಿನ್ ಓಡುವಾಗ ಪೆಡಲ್ ಒತ್ತಿ ಹಿಡಿದು, ಆಫ್ ಮಾಡಿ ಮೂವತ್ತು ಸೆಕೆಂಡ್ ಕಾದೆ. ಪೆಡಲ್ ಮೇಲೆದ್ದು ಕಾಲನ್ನು ನೂಕಿದರೆ ಬೂಸ್ಟರ್ ಸೋರುತ್ತಿದೆ ಎಂದರ್ಥ. ನಮ್ಮದು ಅಲುಗಲಿಲ್ಲ. ಇದೇ ದೊಡ್ಡ ಸುಳಿವು, ಆದರೆ ಆ ಹೊತ್ತಿಗೆ ನನಗದು ಹೊಳೆಯಲಿಲ್ಲ. ಖರ್ಚಿಲ್ಲದ ಈ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ: ಪೆಡಲ್ ಗಟ್ಟಿಯಾಗಿದ್ದರೆ ವ್ಯಾಕ್ಯೂಮ್ ಕಡೆ ನೋಡಬೇಕು, ಸ್ಪಂಜಿನಂತಿದ್ದರೆ ಬ್ರೇಕ್ ಎಣ್ಣೆಯ ಲೈನಿನಲ್ಲಿ ಗಾಳಿ ಸೇರಿರಬಹುದು, ಒತ್ತಿ ಹಿಡಿದಾಗ ನಿಧಾನಕ್ಕೆ ಕುಸಿಯುತ್ತ ಹೋದರೆ ಆ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ.

ಎರಡನೆಯದು ಹೋಸ್ ಹಿಸುಕುವುದು. ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ (ಐಡ್ಲಿಂಗ್) ನಡುಗುತ್ತಿತ್ತು. ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನಿಂದ ಬೂಸ್ಟರಿಗೆ ಹೋಗುವ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಲ್ಲಿ ಹಿಸುಕಿದ ಕೂಡಲೇ ಎಂಜಿನ್ ಶಾಂತವಾಯಿತು. ಹಿಸುಕಿದ ಜಾಗದಿಂದ ಆಚೆ ಎಲ್ಲೋ ಗಾಳಿ ಒಳಕ್ಕೆ ಎಳೆಯುತ್ತಿದೆ ಎಂದು ಖಾತ್ರಿಯಾಯಿತು, ಆದರೆ ಪೈಪಿನಲ್ಲೋ ಬೂಸ್ಟರಿನಲ್ಲೋ ತಿಳಿಯಲಿಲ್ಲ. ಹಳೇ ರಬ್ಬರ್ ಇಕ್ಕಳಕ್ಕೇ ಸೀಳಬಹುದು, ಹಾಗಾಗಿ ಇದನ್ನು ಹೊಸ ಪೈಪ್ ಕೈಗೆ ಸಿಗುವ ಊರಿನಲ್ಲಿ ಮಾತ್ರ ಮಾಡಿ.

ತೀರ್ಮಾನ ಕೊಟ್ಟದ್ದು ಮೂರನೆಯದು, ಗೆಳೆಯನಿಂದ ತಂದ ವ್ಯಾಕ್ಯೂಮ್ ಗೇಜ್ ಮತ್ತು ಕೈಪಂಪು. ಸಮುದ್ರಮಟ್ಟದಲ್ಲಿ ಒಳ್ಳೆಯ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 18ರಿಂದ 22 ಇಂಚು (ಪಾದರಸದ ಲೆಕ್ಕದಲ್ಲಿ) ವ್ಯಾಕ್ಯೂಮ್ ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಇಂಚು ಇಳಿಯುತ್ತದೆ. ಬೆಂಗಳೂರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಇದು ಗೊತ್ತಿಲ್ಲದೆ 17 ನೋಡಿ ಗಾಬರಿಪಡುವವರಿದ್ದಾರೆ. ಮ್ಯಾನಿಫೋಲ್ಡ್ ಬಳಿ ನಮ್ಮದು ಅಷ್ಟೇ ತೋರಿಸಿತು. ಪೈಪನ್ನು ಜೋಡಿಸಿ ಅದರ ಬೂಸ್ಟರ್ ತುದಿಯಲ್ಲಿ ಅಳೆದರೆ ಮುಳ್ಳು 9ಕ್ಕೆ ಬಿತ್ತು. ಬಳಿಕ ಬೂಸ್ಟರಿಗೆ ನೇರವಾಗಿ ಕೈಪಂಪು ಹಚ್ಚಿ ಎಳೆದು ಬಿಟ್ಟೆ. ಐದು ನಿಮಿಷವಾದರೂ ಮುಳ್ಳು ಕದಲಲಿಲ್ಲ. ಬೂಸ್ಟರ್ ಗಟ್ಟಿಮುಟ್ಟಾಗಿಯೇ ಇತ್ತು! ಕ್ಲಿಪ್ ಬಿಚ್ಚಿದಾಗ ಅದರಡಿ ಪೈಪ್ ಅರ್ಧ ಸುತ್ತು ಬಿರಿದಿತ್ತು. ಬಿರುಕು, ಗಾಳಿಯನ್ನು ಬೂಸ್ಟರಿನತ್ತ ವಾಪಸ್ ಬಿಡದ ಒನ್-ವೇ ವಾಲ್ವಿನ ಎಂಜಿನ್ ಬದಿಗಿತ್ತು, ಅದಕ್ಕೇ ಎಂಜಿನ್ ನಿಂತಾಗ ಪೆಡಲ್ ಮೇಲೇಳಲಿಲ್ಲ. ಘಾಟಿಯಲ್ಲಿ ಮೇಲಿಂದ ಮೇಲೆ ಬ್ರೇಕ್ ತುಳಿದಾಗ ಬೂಸ್ಟರ್ ಮತ್ತೆ ತುಂಬಿಕೊಳ್ಳುವಷ್ಟರಲ್ಲಿ ಮುಂದಿನ ತಿರುವು ಬಂದುಬಿಡುತ್ತಿತ್ತು.

ಡೀಸೆಲ್ ಗಾಡಿಯವರಿಗೆ ಮ್ಯಾನಿಫೋಲ್ಡ್ ಲೆಕ್ಕ ಹೊಂದುವುದಿಲ್ಲ. ಅಲ್ಲಿ ವ್ಯಾಕ್ಯೂಮ್ ಕೊಡುವುದು ಬೇರೆ ಪಂಪು, ಹಳೆಯ ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ.

ನನ್ನನ್ನು ಕೇಳಿದರೆ, ಮೊದಲು ಕಾಲಿನ ಎರಡೂ ಪರೀಕ್ಷೆ ಮಾಡಿ, ಅನುಮಾನ ಬಂದರೆ ನೇರ ಗೇಜಿಗೇ ಹೋಗಿ. ಹೋಸ್ ಹಾಕುವಾಗ ಬ್ರೇಕ್ ವ್ಯಾಕ್ಯೂಮಿಗೆಂದೇ ಮಾಡಿದ್ದನ್ನು ಕೇಳಿ ತನ್ನಿ, ಸಾದಾ ನೀರಿನ ಪೈಪ್ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಪೆಟ್ರೋಲ್ ಉಳಿಸಲೆಂದು ಘಾಟಿಯಲ್ಲಿ ಎಂಜಿನ್ ಆಫ್ ಮಾಡಿ ಇಳಿಯುವವರು ದಯವಿಟ್ಟು ನಿಲ್ಲಿಸಿ: ಬೂಸ್ಟರ್ ಎಷ್ಟೇ ಚೆನ್ನಾಗಿದ್ದರೂ ಎರಡು ಮೂರು ಸಲ ತುಳಿದ ಮೇಲೆ ಪೆಡಲ್ ಕಲ್ಲೇ.